ಇಳಕಲ್ ಸೀರೆಗೆ ಕುಪ್ಪಸದ ಬಣ್ಣ ಆರಿಸುವ ಬಗೆ

ಇಳಕಲ್ ಸೀರೆಗೆ ಖಣ (ಕುಪ್ಪಸದ ಬಟ್ಟೆ) ಕೊಳ್ಳಲು ಹೋಗುವಾಗ ಸೀರೆಯನ್ನು ಜೊತೆಗೇ ಒಯ್ಯಬೇಕು. ನೆನಪಿನ ಬಣ್ಣವನ್ನು ನಂಬಿ ತಂದ ಬಟ್ಟೆ ಮನೆಗೆ ಬಂದ ಮೇಲೆ ಹೊಂದುವುದು ಅಪರೂಪ. ಸೀರೆಯ ಒಡಲು ಹಸಿರಾಗಿರಲಿ, ಚಂದ್ರಕಾಳಿ ಎಂಬ ಸೀರೆಯಂತೆ ಕಪ್ಪಾಗಿರಲಿ, ಸಾಂಪ್ರದಾಯಿಕ ಸೆರಗು ಕೆಂಪು-ಬಿಳುಪಿನದೇ ಆಗಿರುವುದರಿಂದ ಮತ್ತು ಅದು ಹೆಗಲ ಮೇಲೆ ಕುಪ್ಪಸಕ್ಕೆ ತಾಗಿಕೊಂಡೇ ಇರುವುದರಿಂದ, ಖಣವನ್ನು ಮೊದಲು ಸೆರಗಿನ ಮೇಲೆಯೇ ಹಾಸಿ ನೋಡಬೇಕು.

ಇಲ್ಲಿ ಬಹಳ ಮಂದಿ ಎಡವುವುದು ಕೆಂಪಿನ ವಿಷಯದಲ್ಲಿ. ಸೆರಗಿನ ಕೆಂಪಿಗೆ ಹತ್ತಿರವಿದ್ದೂ ಸರಿಯಾಗಿ ಹೊಂದದ ಕೆಂಪನ್ನು ತೊಟ್ಟರೆ ಎರಡರಲ್ಲಿ ಒಂದು ಮಾಸಿದಂತೆ ಕಾಣುತ್ತದೆ. ಅದಕ್ಕಿಂತ ದಡಿಯಲ್ಲಿರುವ ಬೇರೊಂದು ಬಣ್ಣವನ್ನು ಆರಿಸುವುದೇ ಲೇಸೆಂದು ನನ್ನ ದೃಢವಾದ ಅಭಿಪ್ರಾಯ. ಗಿಳಿಹಸಿರು ಒಡಲಿಗೆ ಕಡುನೇರಳೆ, ಕಪ್ಪು ಒಡಲಿಗೆ ಸಾಸಿವೆ ಹಳದಿ ಚೆನ್ನಾಗಿ ಒಪ್ಪುತ್ತವೆ.

ಗುಳೇದಗುಡ್ಡದ ಖಣವಾದರೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಾಸಿನ (ಉದ್ದದ) ಎಳೆ ಒಂದು ಬಣ್ಣ, ಹೊಕ್ಕಿನ (ಅಡ್ಡದ) ಎಳೆ ಮತ್ತೊಂದು ಬಣ್ಣವಿರುವ ಖಣವನ್ನು ಬೆಳಕಿನಲ್ಲಿ ಓರೆಯಾಗಿ ಹಿಡಿದರೆ, ನೇರಳೆಯೆಂದು ತೋರಿದ್ದು ಮಡಿಕೆಯ ಏಣಿನಲ್ಲಿ ಕೆಂಪಾಗಿ ಹೊಳೆಯುತ್ತದೆ. ಆ ಎರಡು ಬಣ್ಣಗಳಲ್ಲಿ ಒಂದಾದರೂ ಸೀರೆಯಲ್ಲಿದ್ದರೆ ಜೋಡಿ ಸಹಜವಾಗಿ ಕೂಡಿಕೊಳ್ಳುತ್ತದೆ.

ಟ್ಯೂಬ್‌ಲೈಟಿನ ಕೆಳಗೆ ತೀರ್ಮಾನಿಸದೆ, ಅಂಗಡಿಯವರನ್ನು ಕೇಳಿಕೊಂಡು ಎರಡನ್ನೂ ಬಾಗಿಲ ಬಳಿಯ ಹಗಲ ಬೆಳಕಿಗೆ ತಂದು, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಸೀರೆಯಲ್ಲಿ ದಟ್ಟವಾದ ಕಸೂತಿಯಿದ್ದರೆ ಬುಟ್ಟಾಗಳಿಲ್ಲದ ಸಾದಾ ಬಟ್ಟೆಯೇ ಸಾಕು. ಗೋಪುರ, ತೇರುಗಳ ಹೊಲಿಗೆ ಆಗ ಎದ್ದು ಕಾಣುತ್ತದೆ.