ಬ್ಯುರೆಟ್ ಸೋರಿದ ದಿನ ಸಿಕ್ಕ ಆರ್ಡರ್

ನನಗೆ ಮೊದಲ ಕಾಲೇಜು ಆರ್ಡರ್ ಸಿಕ್ಕಿದ್ದು ಪ್ರಿನ್ಸಿಪಾಲರ ಕೋಣೆಯಲ್ಲಿ ಅಲ್ಲ, ಕೆಮಿಸ್ಟ್ರಿ ಲ್ಯಾಬಿನ ಸಿಂಕ್ ಪಕ್ಕದಲ್ಲಿ. ದಾವಣಗೆರೆಯಲ್ಲಿ ಲ್ಯಾಬ್ ಸಾಮಾನಿನ ಅಂಗಡಿ ತೆರೆದು ಆಗ ಎಂಟು ತಿಂಗಳಾಗಿತ್ತು. ಕ್ಯಾಟಲಾಗ್ ಹಿಡಿದು ಕಾಲೇಜಿಂದ ಕಾಲೇಜಿಗೆ ಅಲೆಯುತ್ತಿದ್ದೆ. ಎಲ್ಲ ಕಡೆ ಒಂದೇ ಉತ್ತರ. "ಇಟ್ಟು ಹೋಗಿ, ಬೇಕಾದ್ರೆ ಫೋನ್ ಮಾಡ್ತೀವಿ." ಯಾರೂ ಮಾಡುತ್ತಿರಲಿಲ್ಲ.

ಆ ದಿನ ಒಂದು ಪಿಯು ಕಾಲೇಜಿನಲ್ಲಿ ಪ್ರಿನ್ಸಿಪಾಲರು ಇರಲಿಲ್ಲ. ಸುಮ್ನೆ ಲ್ಯಾಬಿನ ಕಡೆ ಹೋದೆ. ವಯಸ್ಸಾದ ಅಟೆಂಡರ್ ಒಬ್ಬರು ಬ್ಯುರೆಟ್ಟಿನ, ಅಂದರೆ ದ್ರಾವಣವನ್ನು ಅಳೆದು ಹನಿ ಹನಿಯಾಗಿ ಬಿಡುವ ಉದ್ದ ಗಾಜಿನ ಕೊಳವೆಯ, ಕೆಳಗಿನ ನಲ್ಲಿಯಂಥ ಗಾಜಿನ ಕೀಲಿಗೆ ವ್ಯಾಸಲೀನ್ ಸವರುತ್ತಾ ಕೂತಿದ್ದರು. ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ. ಇಪ್ಪತ್ತು ಬ್ಯುರೆಟ್‌ಗಳಲ್ಲಿ ಒಂಬತ್ತು ಸೋರುತ್ತಿದ್ದವು. ಎಷ್ಟು ದ್ರಾವಣ ಹಿಡಿಯಿತು ಅಂತ ಅಳೆಯುವ ಟೈಟ್ರೇಷನ್ ಮಾಡುವಾಗ ಬ್ಯುರೆಟ್ ಸೋರಿದರೆ ಹುಡುಗರ ರೀಡಿಂಗ್ ತಪ್ಪುತ್ತದೆ, ಅಂಕ ಹೋಗುತ್ತದೆ.

"ಅಣ್ಣಾ, ಟೆಫ್ಲಾನ್ ಕೀಲಿದು ತಂದುಕೊಡ್ಲಾ? ಗ್ರೀಸೇ ಬೇಡ" ಅಂದೆ.

"ಮೊದಲು ಒಂದು ತಗೊಂಡು ಬಾರಪ್ಪಾ, ನೋಡೋಣ" ಅಂದರು.

ಸಂಜೆಗೆ ಒಂದು ತಂದುಕೊಟ್ಟೆ. ಅವರು ಅದಕ್ಕೆ ನೀರು ತುಂಬಿ, ಮೇಲಿನ ಸೊನ್ನೆ ಗೆರೆಯ ಹತ್ತಿರ ಪೆನ್ನಿನಿಂದ ಗುರುತು ಹಾಕಿ, ಸ್ಟ್ಯಾಂಡಿಗೆ ಸಿಕ್ಕಿಸಿ ಮನೆಗೆ ಹೋದರು. ಮರುದಿನ ಬೆಳಿಗ್ಗೆ ನೀರು ಗುರುತಿನಲ್ಲೇ ಇತ್ತು. ಮಧ್ಯಾಹ್ನ ಕೆಮಿಸ್ಟ್ರಿ ಮೇಡಂ ಅವರೇ ಫೋನ್ ಮಾಡಿ ಹತ್ತು ಬ್ಯುರೆಟ್ ಕೇಳಿದರು. ಲಾಭ ಅಂತ ಸಿಕ್ಕಿದ್ದು ಪೆಟ್ರೋಲಿಗೆ ಆಯಿತು ಅಷ್ಟೆ. ಆದರೆ ಅಲ್ಲಿಂದ ಇವತ್ತಿನವರೆಗೂ ಹೊಸ ಕಾಲೇಜಿಗೆ ಹೋದರೆ ನಾನು ಮೊದಲು ಮಾತಾಡಿಸುವುದು ಅಟೆಂಡರನ್ನೇ. ಯಾವುದು ಒಡೆಯುತ್ತದೆ, ಯಾವುದು ಬೀರುವಿನಲ್ಲಿ ಧೂಳು ತಿನ್ನುತ್ತಿದೆ, ಹೋದ ವರ್ಷದ ಸಪ್ಲೈಯರ್ ಏನು ಕೈ ಕೊಟ್ಟ, ಎಲ್ಲ ಗೊತ್ತಿರುವುದು ಅವರಿಗೆ. ಸಹಿ ಹಾಕುವವರು ಬೇರೆ ಇರಬಹುದು, ಆದರೆ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ, ಹುಟ್ಟುವುದು ಲ್ಯಾಬಿನಲ್ಲಿ.

ಇಂಡೆಂಟ್ ಹುಟ್ಟುವುದಕ್ಕೂ ಒಂದು ಕಾಲ ಇದೆ. ಅದು ಅರ್ಥವಾಗಲು ನನಗೆ ಎರಡು ವರ್ಷ ಬೇಕಾಯಿತು. ಸರ್ಕಾರಿ ದುಡ್ಡು ಖರ್ಚಾಗುವುದು ಮಾರ್ಚ್ ಒಳಗೆ, ಹಾಗಾಗಿ ಫೆಬ್ರವರಿಯಲ್ಲಿ ಓಡಾಡಬೇಕು ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಹೋದರೆ ಟೀ ಕುಡಿದು ವಾಪಸ್ ಬರಬೇಕು, ಅಷ್ಟೆ. ಏನು ಬೇಕು, ಎಷ್ಟು ಬೇಕು, ಯಾವ ಅಳತೆಯದು ಎಂಬುದೆಲ್ಲ ಅಷ್ಟೊತ್ತಿಗೆ ಫೈಲಿನಲ್ಲಿ ಕೂತಿರುತ್ತದೆ. ನಾನು ಈಗ ಹೋಗುವುದು ಕಾಲೇಜು ಶುರುವಾದ ಮೇಲೆ, ಜುಲೈ ಆಗಸ್ಟ್ ಹೊತ್ತಿಗೆ. ಆಗ ಮೇಷ್ಟ್ರುಗಳಿಗೂ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಖಾಸಗಿ ಶಾಲೆಗಳ ಲೆಕ್ಕ ಬೇರೆ. ಅವರು ಏಪ್ರಿಲ್, ಮೇ ತಿಂಗಳಲ್ಲಿ ಫೀಸು ಬರುವಾಗ ಕೊಳ್ಳುತ್ತಾರೆ. ಅಲ್ಲಿ ಚೌಕಾಸಿ ಜಾಸ್ತಿ, ಕಾಗದ ಕಡಿಮೆ.

ಕಾಗದ ಅಂದೆ ಅಲ್ವಾ, ನಾನು ಬಿದ್ದಿದ್ದು ಅಲ್ಲೇ. ಸಣ್ಣ ಮೊತ್ತದ ಖರೀದಿ ಮೂರು ಕೊಟೇಷನ್‌ನಲ್ಲಿ ಮುಗಿಯುತ್ತದೆ. ಮೊತ್ತ ದೊಡ್ಡದಾದರೆ ಸರ್ಕಾರಿ ಕಾಲೇಜು, ವಿಶ್ವವಿದ್ಯಾಲಯಗಳು ಸರ್ಕಾರಿ ಖರೀದಿಗೆ ಇರುವ 1999ರ ಕೆಟಿಪಿಪಿ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ಆಗ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ ಇತ್ತು, ಈಗ ಕೆಪಿಪಿಪಿ ಅನ್ನುವ ಪೋರ್ಟಲ್. ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ. ಮೊದಲು ಟೆಕ್ನಿಕಲ್ ಬಿಡ್ ತೆಗೆಯುತ್ತಾರೆ. ಅದರಲ್ಲಿ ಪಾಸಾದವರ ರೇಟು ಮಾತ್ರ ಆಮೇಲೆ ತೆರೆಯುತ್ತಾರೆ. ನನ್ನ ಮೊದಲ ದೊಡ್ಡ ಟೆಂಡರ್‌ನಲ್ಲಿ ನನ್ನ ರೇಟನ್ನು ಯಾರೂ ನೋಡಲೇ ಇಲ್ಲ. ಹಿಂದೆ ಸಪ್ಲೈ ಮಾಡಿದ ಅನುಭವಕ್ಕೆ ದಾಖಲೆ ಕೇಳಿದ್ದರು. ನಾನು ಬಿಲ್ಲುಗಳ ಕಟ್ಟು ಸ್ಕ್ಯಾನ್ ಮಾಡಿ ಹಾಕಿದ್ದೆ. ಅವರಿಗೆ ಬೇಕಿದ್ದದ್ದು ಕಾಲೇಜಿನ ಲೆಟರ್‌ಹೆಡ್‌ನಲ್ಲಿ 'ತೃಪ್ತಿಕರವಾಗಿ ಸರಬರಾಜು ಮಾಡಿದ್ದಾರೆ' ಎಂಬ ಪತ್ರ. ಇಪ್ಪತ್ತಕ್ಕೂ ಹೆಚ್ಚು ಕಾಲೇಜಿಗೆ ಮಾಲು ಕೊಟ್ಟಿದ್ದೆ, ಒಂದು ಪತ್ರವೂ ನನ್ನ ಹತ್ತಿರ ಇರಲಿಲ್ಲ. ಹಳೆಯ ಕಾಲೇಜುಗಳಿಗೆ ಹೋದರೆ ಪ್ರಿನ್ಸಿಪಾಲರು ವರ್ಗವಾಗಿದ್ದರು, ಹೊಸಬರು ನಾನು ಯಾರು ಅಂತ ಕೇಳಿದರು. ಈಗ ಬಿಲ್ಲು ಪಾಸಾದ ವಾರದಲ್ಲೇ ಪತ್ರ ಕೇಳಿ ತರುತ್ತೇನೆ. ಒಂದೇ ಫೋಲ್ಡರಿನಲ್ಲಿ ಆ ಪತ್ರಗಳು, ಸಿಎ ಕೊಟ್ಟ ಟರ್ನೋವರ್ ಸರ್ಟಿಫಿಕೇಟ್, ಕಂಪನಿಯ ಡೀಲರ್ ಪತ್ರ, ಜಿಎಸ್‌ಟಿ, ಪ್ಯಾನ್ ಎಲ್ಲ ತಯಾರಿರುತ್ತವೆ. ಡಿಜಿಟಲ್ ಸಹಿಯ ಅವಧಿ ಮುಗಿಯುವ ದಿನವನ್ನು ಅಂಗಡಿಯ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ. ಯಾಕೆ ಅಂತ ಕೇಳಬೇಡಿ.

ಎರಡನೇ ಪೆಟ್ಟು ಇನ್ನೂ ಜೋರಾಗಿತ್ತು, ಯಾಕೆಂದರೆ ಆ ಸಲ ನಾನು ಗೆದ್ದೆ. 2019ರಲ್ಲಿ ಒಂದು ಸಂಸ್ಥೆಗೆ 3,60,000 ರೂಪಾಯಿಯ ಗಾಜಿನ ಸಾಮಾನು. ಎಲ್ 1, ಅಂದರೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿದವನು, ನಾನೇ. ಮನೆಯಲ್ಲಿ ಹೋಳಿಗೆ ಮಾಡಿಸಿದ್ದೆ. ಮಾಲು ನನಗೆ ತೆರಿಗೆ ಬಿಟ್ಟು 3,17,000ಕ್ಕೆ ಬೀಳುತ್ತಿತ್ತು, 43 ಸಾವಿರ ಉಳಿಯುತ್ತದೆ ಅಂತ ಲೆಕ್ಕ. ಟೆಂಡರ್ ಪತ್ರದ ಹದಿನೇಳನೇ ಪುಟದಲ್ಲಿ 'ದರವು ಎಲ್ಲ ತೆರಿಗೆ, ಸಾಗಣೆ ಸೇರಿ' ಅಂತ ಇತ್ತು. ನಾನು ಓದಿರಲಿಲ್ಲ. 18% ಜಿಎಸ್‌ಟಿ ಒಳಗೇ ಸೇರಿದಾಗ ಸುಮಾರು 55 ಸಾವಿರ ಅದಕ್ಕೇ ಹೋಯಿತು. ಅಂದರೆ ಕೈಯಿಂದಲೇ 12 ಸಾವಿರ. ಅದರ ಮೇಲೆ ಮಾಲು ಹರಿಯಾಣದ ಅಂಬಾಲದಿಂದ ಬರುವಾಗ ದಾರಿಯಲ್ಲಿ ಒಡೆದ ಫ್ಲಾಸ್ಕುಗಳು. ಬಿಟ್ಟುಬಿಟ್ಟರೆ ಇಎಂಡಿ, ಅಂದರೆ ಟೆಂಡರ್ ಹಾಕುವಾಗ ಕಟ್ಟಿದ ಠೇವಣಿ, ಹೋಗುತ್ತಿತ್ತು, ಹೆಸರೂ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಸಪ್ಲೈ ಮಾಡಿದೆ.

ಆಮೇಲೆ ದುಡ್ಡು ಬರಲು ಏಳು ತಿಂಗಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೊಸಬರು ಮುಳುಗುವುದು ಇಲ್ಲೇ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ಬಡ್ಡಿ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ನಾನೂ ಅದನ್ನೇ ನಂಬಿಕೊಂಡಿದ್ದೆ. 2021ರ ಜುಲೈನಲ್ಲಿ ವ್ಯಾಪಾರಿಗಳಿಗೂ ಸಣ್ಣ ಉದ್ಯಮಗಳ 'ಉದ್ಯಮ್' ನೋಂದಣಿ ಕೊಟ್ಟಾಗ ಓಡಿಹೋಗಿ ಮಾಡಿಸಿದೆ. ನಮ್ಮ ಸಿಎ ನಕ್ಕರು. ಕೊಂಡು ಮಾರುವವರಿಗೆ ಆ ನೋಂದಣಿ ಇರುವುದು ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಮಾತ್ರ, 45 ದಿನದ ರಕ್ಷಣೆ ತಯಾರಕರಿಗೆ, ಸೇವೆ ಕೊಡುವವರಿಗೆ. ಹಾಗಾಗಿ ಈಗ ನಾನು ಆರು ತಿಂಗಳು ದುಡ್ಡು ಬರುವುದಿಲ್ಲ ಅಂತಲೇ ಲೆಕ್ಕ ಹಾಕುತ್ತೇನೆ. ಆ ಆರು ತಿಂಗಳ ಬ್ಯಾಂಕ್ ಓವರ್‌ಡ್ರಾಫ್ಟ್ ಬಡ್ಡಿಯನ್ನು ರೇಟಿನೊಳಗೇ ಸೇರಿಸುತ್ತೇನೆ. ಅದರಿಂದ ಟೆಂಡರ್ ಕೈ ತಪ್ಪಿದರೆ ತಪ್ಪಲಿ. ಎರಡೂವರೆ ಲಕ್ಷ ದಾಟಿದ ಆರ್ಡರ್‌ಗೆ 2% ಜಿಎಸ್‌ಟಿ ಟಿಡಿಎಸ್ ಅಂತ ಬಿಲ್ಲಿನಲ್ಲೇ ತೆರಿಗೆ ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ನಮ್ಮ ಕ್ಯಾಶ್ ಲೆಡ್ಜರಿಗೆ ಬರುತ್ತದೆ. ಮೊದಲ ಸಲ ಬ್ಯಾಂಕಿಗೆ ಕಡಿಮೆ ಬಂತು ಅಂತ ಕೇಸ್ ವರ್ಕರ್ ಹತ್ತಿರ ಜಗಳ ಮಾಡಿ, ಆಮೇಲೆ ಕ್ಷಮೆ ಕೇಳಿದೆ.

ಆ ಏಳು ತಿಂಗಳಲ್ಲಿ ಮೂರು ತಿಂಗಳು ಹೋಗಿದ್ದು ಒಂದು ಸಣ್ಣ ವಿಷಯಕ್ಕೆ. ಬಿಲ್ಲಿನ ಹಿಂದೆ ಸ್ಟಾಕ್ ರಿಜಿಸ್ಟರಿನ ಪುಟ ಸಂಖ್ಯೆ ಬರೆದಿರಲಿಲ್ಲ. ಅಕೌಂಟ್ಸ್‌ನವರು ಫೈಲನ್ನು ವಿಭಾಗಕ್ಕೆ ವಾಪಸ್ ಕಳಿಸಿದ್ದರು. ಅದು ಅಲ್ಲೇ ಒಂದು ಟ್ರೇಯಲ್ಲಿ ಮಲಗಿತ್ತು. ಯಾರೂ ನನಗೆ ಹೇಳಲಿಲ್ಲ, ನಾನೂ ಹೋಗಿ ಕೇಳಲಿಲ್ಲ. ಈಗ ಮಾಲು ಇಳಿಸಿದ ದಿನವೇ ಅಟೆಂಡರ್ ಜೊತೆ ಕೂತು ಎಣಿಸಿಕೊಡುತ್ತೇನೆ. ಒಡೆದದ್ದನ್ನು ಅಲ್ಲೇ ಬದಲಿಸುತ್ತೇನೆ. ಸ್ಟಾಕ್ ಎಂಟ್ರಿ ಆಗಿ, ಬಿಲ್ಲಿನ ಹಿಂದೆ ಪುಟ ಸಂಖ್ಯೆ ಬಿದ್ದು, ವಿಭಾಗದ ಮುಖ್ಯಸ್ಥರ ಸಹಿ ಆದ ಮೇಲೇ ಗಾಡಿ ಹತ್ತುವುದು.

ಕಮಿಷನ್ ವಿಷಯ ಎಲ್ಲರೂ ಕೇಳುತ್ತಾರೆ. ಕೇಳುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅಂಥ ಕಡೆ ನಾನು ಎರಡನೇ ಸಲ ಹೋಗುವುದಿಲ್ಲ, ಅಷ್ಟೆ. ಅದಕ್ಕಿಂತ ನಯವಾದ ಬಲೆ ಇನ್ನೊಂದಿದೆ. "ಉಳಿದ ಎರಡು ಕೊಟೇಷನ್ನೂ ನೀವೇ ತಂದುಕೊಟ್ಟುಬಿಡಿ, ಬೇಗ ಆಗುತ್ತೆ." ಮೊದಮೊದಲು ನಾನೂ ಪರಿಚಯದವರ ಲೆಟರ್‌ಹೆಡ್ ತಂದು ಕೊಟ್ಟಿದ್ದೆ. ಒಂದು ಕಡೆ ಆಡಿಟ್‌ನವರು ಮೂರು ಕೊಟೇಷನ್‌ನಲ್ಲೂ ಒಂದೇ ಅಕ್ಷರದೋಷ ಹಿಡಿದರು, 'ಕೋನಿಕಲ್' ಬದಲು 'ಕೊಮಿಕಲ್'. ಆಮೇಲೆ ಆ ಮೇಷ್ಟ್ರು ಪಟ್ಟ ಪಾಡು ನೋಡಿ ಬಿಟ್ಟೆ. ಈಗ ಯಾರಾದರೂ ಕೇಳಿದರೆ ಎದುರಾಳಿ ಅಂಗಡಿಗಳ ವಿಳಾಸ ಬರೆದುಕೊಡುತ್ತೇನೆ. ಕೆಲವೊಮ್ಮೆ ಆರ್ಡರ್ ಅವರಿಗೇ ಹೋಗಿದೆ.

ಸದ್ಯ ಒಂದು ಟೆಂಡರ್ ಮೇಜಿನ ಮೇಲಿದೆ. ಮೊದಲ ವರ್ಷದ ಡಿಗ್ರಿ ಹುಡುಗರಿಗೆ 60 ಬ್ಯುರೆಟ್, ಕ್ಲಾಸ್ ಎ, ಪ್ರತಿಯೊಂದಕ್ಕೂ ಸರ್ಟಿಫಿಕೇಟ್ ಅಂತ ಹಾಕಿದ್ದಾರೆ. ಕಲಿಯುವವರ ಕೈಗೆ ಕ್ಲಾಸ್ ಬಿ ಸಾಕು. 50 ಮಿಲಿಗೆ ಕ್ಲಾಸ್ ಎ ತಪ್ಪಿನ ಮಿತಿ 0.05 ಮಿಲಿ, ಬಿಯದು 0.1. ಆ ದುಡ್ಡಿಗೆ ಇನ್ನಷ್ಟು ಬ್ಯುರೆಟ್ ಬರುತ್ತವೆ. ಟೆಂಡರ್ ಹಾಕುವ ಮೊದಲು ಅನುಮಾನ ಕೇಳುವ ಪ್ರೀ-ಬಿಡ್ ಮೀಟಿಂಗ್ ಸೋಮವಾರ ಇದೆ. ಪ್ರಶ್ನೆಯನ್ನು ಬರೆದು ಪೋರ್ಟಲ್‌ನಲ್ಲಿ ಹಾಕಿದ್ದೇನೆ, ಬಾಯಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ. ಅವರು ಬದಲಿಸಿದರೆ ನನ್ನ ಬಿಲ್ಲಿನ ಮೊತ್ತ ಇಳಿಯುತ್ತದೆ. ಆದರೂ ಬ್ಯಾಗಿನಲ್ಲಿ ಎರಡೂ ಬಗೆಯ ಒಂದೊಂದು ಬ್ಯುರೆಟ್ ಇಟ್ಟುಕೊಂಡಿದ್ದೇನೆ. ಭಾನುವಾರವೇ ಹೋಗಿ ಅಲ್ಲಿನ ಅಟೆಂಡರ್ ಕೈಗೆ ಕೊಟ್ಟು, ರಾತ್ರಿಯಿಡೀ ನೀರು ತುಂಬಿಸಿ ಇಡಲು ಹೇಳಬೇಕು.