ಬಿಗಿದು ಕುಳಿತ ಬ್ರೇಕ್ ಬ್ಲೀಡ್ ನಿಪ್ಪಲನ್ನು ಮುರಿಯದೆ ಬಿಚ್ಚುವುದು

ಹಳೆಯ ವಾಹನದ ಬ್ರೇಕಿನಿಂದ ಗಾಳಿ ತೆಗೆಯಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಸಾಮಾನ್ಯವಾಗಿ ಬ್ಲೀಡ್ ನಿಪ್ಪಲ್. ಅದು ನಡುವೆ ಟೊಳ್ಳಾದ ಸಣ್ಣ ಉಕ್ಕಿನ ತಿರುಪು. ಅದರ ಚೂಪಾದ ತುದಿ ಕ್ಯಾಲಿಪರ್ (ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಒತ್ತುವ ಭಾಗ) ಅಥವಾ ವೀಲ್ ಸಿಲಿಂಡರ್ (ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ತಳ್ಳುವ ಭಾಗ) ಒಳಗೆ ಅದಕ್ಕೆಂದೇ ಇರುವ ಸೀಟ್ ಎಂಬ ಕುಳಿಯ ಮೇಲೆ ಒತ್ತಿ ಕುಳಿತು ದ್ರವವನ್ನು ತಡೆಯುತ್ತದೆ. ಸೋರಿಕೆಯನ್ನು ತಡೆಯುವುದು ಈ ತುದಿಯೇ ಹೊರತು ಥ್ರೆಡ್ ಅಲ್ಲ. ಆದ್ದರಿಂದ ರಬ್ಬರ್ ಟೋಪಿ ಕಳೆದುಹೋದ ನಿಪ್ಪಲಿನ ಥ್ರೆಡ್‌ಗಳ ನಡುವೆ ನೀರು, ಕೆಸರು ಇಳಿದು ತುಕ್ಕು ಕಟ್ಟುತ್ತದೆ. ಕ್ಯಾಲಿಪರ್ ಅಲ್ಯೂಮಿನಿಯಮ್ಮಿನದಾಗಿದ್ದರೆ ಎರಡು ಬೇರೆ ಲೋಹಗಳು ತೇವದಲ್ಲಿ ಕೂಡಿರುವುದರಿಂದ ಸವೆತ ಇನ್ನೂ ಹೆಚ್ಚು. ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರುವ ಕಾರಣ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಜಗ್ಗಿದರೆ ಅದು ಬಿಚ್ಚಿಕೊಳ್ಳುವ ಮೊದಲೇ ಮುರಿಯಬಹುದು.

ಮುರಿದರೆ ವಾಹನ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಹೊಸ ನಿಪ್ಪಲ್ ಮತ್ತು ಅಗತ್ಯ ಬಿದ್ದರೆ ಕ್ಯಾಲಿಪರ್ ಅಥವಾ ಸಿಲಿಂಡರ್ ಎಲ್ಲಿ ಸಿಗುತ್ತದೆಂದು ತಿಳಿದುಕೊಂಡೇ ಕೆಲಸ ಆರಂಭಿಸಬೇಕು. ವಾಹನವನ್ನು ಜಾಕಿನ ಮೇಲಷ್ಟೇ ಬಿಡದೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ನಿಪ್ಪಲಿನ ಸುತ್ತಲಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೆಗೆಯಬೇಕು. ನಂತರ ನಿಪ್ಪಲಿನ ಬುಡಕ್ಕೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಕೆಲವೇ ಹನಿಗಳಷ್ಟು ಬಿಟ್ಟು, ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ಹಾಕಿ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಡಬೇಕು. ಪ್ಯಾಡ್, ಡಿಸ್ಕ್ ಅಥವಾ ಶೂಗಳಿಗೆ ಎಣ್ಣೆ ತಗಲಬಾರದು. ಖನಿಜ ತೈಲ ಬ್ರೇಕಿನ ರಬ್ಬರ್ ಸೀಲುಗಳನ್ನು ಉಬ್ಬಿಸಿ ಕೆಡಿಸುವುದರಿಂದ ಅವುಗಳಿಗೂ ಸೋಕಬಾರದು.

ಇನ್ನು ಬಿಚ್ಚುವ ಕೆಲಸ. ಇದಕ್ಕೆ ಆರು ಮೂಲೆಯ ಸಾಕೆಟ್ಟನ್ನೇ ಬಳಸಬೇಕು. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ತಲೆಯ ಮೂಲೆಗಳನ್ನು ಬೇಗ ಸವೆಸುತ್ತದೆ. ನಿಪ್ಪಲಿನ ರಂಧ್ರಕ್ಕೆ ಸರಿಯಾಗಿ ಕೂರುವ ಡ್ರಿಲ್ ಬಿಟ್ಟಿನ ನುಣುಪಾದ ಹಿಂಭಾಗವನ್ನು ಒಳಗೆ ಇಳಿಸಿದರೆ ಟೊಳ್ಳು ಭಾಗ ಕುಸಿಯುವುದಿಲ್ಲ. ಸಣ್ಣ ಸುತ್ತಿಗೆಯಿಂದ ನಿಪ್ಪಲಿನ ನೇರಕ್ಕೂ ಅದರ ಸುತ್ತಲಿನ ಲೋಹಕ್ಕೂ ಹಗುರವಾಗಿ ಹಲವು ಸಲ ತಟ್ಟಬೇಕು. ತುಕ್ಕಿನ ಹಿಡಿತವನ್ನು ಸಡಿಲಿಸುವುದರಲ್ಲಿ ಈ ಅದುರು ತೋಳಿನ ಬಲಕ್ಕಿಂತ ಹೆಚ್ಚು ಪ್ರಯೋಜನಕಾರಿ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಮೊದಲು ಕೂದಲೆಳೆಯಷ್ಟು ಬಿಗಿಮಾಡಿ ನೋಡಿ, ನಂತರ ಸಡಿಲಿಸಬೇಕು. ಅಲುಗಾಡಿದ ಕೂಡಲೇ ಪೂರ್ತಿ ಬಿಚ್ಚಲು ಆತುರಪಡದೆ, ಎಣ್ಣೆ ಹಾಕುತ್ತಾ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಹೋಗಬೇಕು. ಕಿರ್ರೆಂದು ಸದ್ದು ಮಾಡಿ ಥಟ್ಟನೆ ಬಿಟ್ಟುಕೊಂಡರೆ ಅದು ಒಳ್ಳೆಯ ಲಕ್ಷಣ. ತಲೆ ತಿರುಗಿದರೂ ಬುಡ ಕದಲದೆ, ಕೈಗೆ ರಬ್ಬರಿನಂತೆ ಮೆತ್ತಗೆ ಅನ್ನಿಸಿದರೆ ಉಕ್ಕು ತಿರುಚಿಕೊಳ್ಳುತ್ತಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು.

ಶಾಖ ಕೊಡುವುದು ಕೊನೆಯ ಉಪಾಯ. ಬ್ರೇಕ್ ದ್ರವ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕ್ಯಾಲಿಪರನ್ನು ವಾಹನದಿಂದ ಕಳಚಿ, ದ್ರವ ಖಾಲಿಮಾಡಿ, ಪಿಸ್ಟನ್ ಮತ್ತು ಸೀಲುಗಳನ್ನು ತೆಗೆದ ಮೇಲಷ್ಟೇ ಬೆಂಕಿ ಹಿಡಿಯಬೇಕು. ಕ್ಲೋರಿನ್ ಆಧಾರಿತ ಬ್ರೇಕ್ ಕ್ಲೀನರ್ ಬಳಸಿದ ಭಾಗವನ್ನು ಎಂದಿಗೂ ಕಾಯಿಸಬಾರದು, ಏಕೆಂದರೆ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಕಾಯಿಸಬೇಕಾದದ್ದು ನಿಪ್ಪಲನ್ನಲ್ಲ, ಅದರ ಸುತ್ತಲಿನ ಲೋಹವನ್ನು. ಅಲ್ಯೂಮಿನಿಯಮ್ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ಅಲ್ಲಿ ಫಲ ಬೇಗ ಕಾಣುತ್ತದೆ.

ನಿಪ್ಪಲ್ ಮುರಿದೇಹೋದರೆ, ಡ್ರಮ್ ಬ್ರೇಕಿನ ವೀಲ್ ಸಿಲಿಂಡರ್ ವಿಷಯದಲ್ಲಿ ಯೋಚಿಸುವಂಥದ್ದೇನೂ ಇಲ್ಲ, ಹೊಸದನ್ನು ಹಾಕುವುದೇ ಲೇಸು. ಕ್ಯಾಲಿಪರಿನಲ್ಲಾದರೆ ಡ್ರಿಲ್ ಮಾಡಿ, ಮುರಿದ ತಿರುಪನ್ನು ಹಿಡಿದು ಹೊರತೆಗೆಯುವ ಎಕ್ಸ್‌ಟ್ರಾಕ್ಟರ್ ಎಂಬ ಸಾಧನದಿಂದ ಎಳೆಯಬಹುದು. ಆದರೆ ಗಡುಸಾದ ಎಕ್ಸ್‌ಟ್ರಾಕ್ಟರ್ ಒಳಗೆ ಮುರಿದರೆ ಅದನ್ನು ಡ್ರಿಲ್ ಮಾಡುವುದೂ ಕಷ್ಟ. ಡ್ರಿಲ್ ಸೀಟಿಗೆ ತಗುಲಿದರೆ ಆ ಕ್ಯಾಲಿಪರ್ ಮುಂದೆ ಸೋರುತ್ತದೆ. ಬ್ರೇಕ್ ಪೈಪಿನ ನಟ್ ಸಡಿಲಿಸಿ ಗಾಳಿ ಬಿಡುವ ಅಡ್ಡದಾರಿಯೂ ಉಂಟಾದರೂ, ನಿಪ್ಪಲ್ ಅತಿ ಎತ್ತರದಲ್ಲಿರುವಾಗ ಅದರ ಬಳಿ ಗಾಳಿ ಉಳಿದೇ ಉಳಿಯುತ್ತದೆ.

ಹಳೆಯದು ಬಿಚ್ಚಿ ಬಂದರೂ ಅದನ್ನೇ ಮತ್ತೆ ಹಾಕುವುದು ಬೇಡ. ಥ್ರೆಡ್, ಉದ್ದ ಮತ್ತು ತುದಿಯ ಆಕಾರ ಹೊಂದುವ ಹೊಸ ನಿಪ್ಪಲಿನ ಮೇಲ್ಭಾಗದ ಥ್ರೆಡ್‌ಗಳಿಗೆ ಮಾತ್ರ ತುಸು ಆ್ಯಂಟಿ-ಸೀಜ್ ಗ್ರೀಸ್ (ಥ್ರೆಡ್ ಮತ್ತೆ ಬಿಗಿದುಕೊಳ್ಳದಂತೆ ತಡೆಯುವ ಲೇಪ) ಸವರಬೇಕು; ತುದಿಗೂ ಪಕ್ಕದ ರಂಧ್ರಕ್ಕೂ ಅದು ತಾಗಬಾರದು. ಥ್ರೆಡ್ ಟೇಪ್ ಸುತ್ತುವ ಅಗತ್ಯವಿಲ್ಲ. ಬಿಗಿಮಾಡುವ ಬಲ ವಾಹನದ ಕೈಪಿಡಿಯಲ್ಲಿ ಹೇಳಿದಷ್ಟೇ ಇರಲಿ. ಸಣ್ಣ ನಿಪ್ಪಲುಗಳಿಗೆ ಅದು ಬಹಳ ಸಲ 10 ನ್ಯೂಟನ್-ಮೀಟರ್ ಆಸುಪಾಸಿನಲ್ಲಿರುತ್ತದೆ.

ವಾಹನಕ್ಕೆ ಸೂಚಿಸಿದ ದ್ರವವನ್ನು ಹೊಸದಾಗಿ ತೆರೆದ ಡಬ್ಬಿಯಿಂದಲೇ ತುಂಬಬೇಕು. ಬ್ರೇಕ್ ದ್ರವದ ದರ್ಜೆಗಳಲ್ಲೊಂದಾದ ಡಾಟ್ 4 ದ್ರವದ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ ಮೇಲೆ 155 ಡಿಗ್ರಿ. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇತರವುಗಳೊಡನೆ ಬೆರೆಸುವಂತಿಲ್ಲ. ಗಾಳಿ ಪೂರ್ತಿ ಹೋದ ಮೇಲೆ ರಬ್ಬರ್ ಟೋಪಿ ಹಾಕುವ ಮೊದಲು ನಿಪ್ಪಲನ್ನು ಒರೆಸಿ ಒಣಗಿಸಿ, ಎಂಜಿನ್ ಚಾಲೂ ಇಟ್ಟು ಇನ್ನೊಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ಅದರ ಸುತ್ತ ತೇವ ಮೂಡುತ್ತದೆಯೇ ಎಂದು ನೋಡಬೇಕು. ತೇವ ಕಂಡರೆ ಅಥವಾ ಪೆಡಲ್ ನಿಧಾನವಾಗಿ ಕೆಳಗಿಳಿದರೆ ವಾಹನವನ್ನು ರಸ್ತೆಗಿಳಿಸುವಂತಿಲ್ಲ.