ಆನೆ ಮತ್ತು ಮಾವುತರನ್ನು ಒಂದೇ ಚಿತ್ರದಲ್ಲಿ ಬಿಡಿಸೋದು ಹೇಗೆ?

ಕೊಡಗಿನ ದುಬಾರೆಯಲ್ಲಿ ಕಾವೇರಿಗಿಳಿದ ಆನೆಯನ್ನು ಮಾವುತರು ತಿಕ್ಕಿ ತೊಳೆಯೋದನ್ನು ನೋಡಿದ್ದೀರಲ್ವಾ? ಅದನ್ನೇ ಬಿಡಿಸೋಣ.

ಮೊದಲು ಪೆನ್ಸಿಲ್ ಹಿಡಿಯಿರಿ, ಫೋನ್ ಆಮೇಲೆ. ಎರಡೆರಡು ನಿಮಿಷದ ಸ್ಕೆಚ್ ಸಾಕು. ಫೋಟೋ ಬೇಕೇ ಬೇಕು ಅಂದರೆ ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಸೊಂಡಿಲು ದೊಡ್ಡದಾಗಿ, ಹಿಂದಿನ ಕಾಲು ಕುಗ್ಗಿದ ಹಾಗೆ ಬರುತ್ತದೆ, ಅದನ್ನೇ ನಂಬಿ ಬಿಡಿಸಿದರೆ ಇಡೀ ಚಿತ್ರ ಕೆಟ್ಟಂತೆ.

ಅಳತೆಗೆ ಒಂದು ಸುಲಭ ದಾರಿ ಇದೆ. ಆನೆಯ ಮುಂಗಾಲಿನ ಪಾದದ ಸುತ್ತಳತೆಯ ಸುಮಾರು ಎರಡರಷ್ಟು ಅದರ ಭುಜದ ಎತ್ತರ. ನಿಂತ ಮನುಷ್ಯ ಸುಮಾರು ಏಳೂವರೆ ತಲೆಯಷ್ಟು ಎತ್ತರ. 9 ಅಡಿ ಆನೆಯ ಪಕ್ಕ ಐದೂವರೆ ಅಡಿ ಮಾವುತರನ್ನು ನಿಲ್ಲಿಸಿ ನೋಡಿ, ಲೆಕ್ಕ ತಾನೇ ಕೂರುತ್ತದೆ. ಉಗುರು ಸಾಮಾನ್ಯವಾಗಿ ಮುಂದೆ 5, ಹಿಂದೆ 4.

ಬಣ್ಣದಲ್ಲೇ ಜಾಸ್ತಿ ಜನ ಎಡವೋದು. ಸುಮ್ನೆ ಕಪ್ಪು ಬಿಳಿ ಕಲಸಿದರೆ ಆನೆ ಸಿಮೆಂಟಿನ ಗೊಂಬೆ ಆಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ (ಗಾಢ ಕಂದು ಬಣ್ಣ) ಸೇರಿಸಿ, ಆಮೇಲೆ ಬಿಳಿ. ಒದ್ದೆ ಬೆನ್ನಿನ ಮೇಲೆ ಆಕಾಶದ ತಣ್ಣನೆ ನೀಲಿ, ಒಣಗಿದ ಕಡೆ ಮಣ್ಣಿನ ಕೆಂಪು, ಕಿವಿಯಂಚಿನಲ್ಲಿ ಗುಲಾಬಿ ಚುಕ್ಕೆ. ಅದೇ ಅಂಬರಿಗೆ ಯೆಲ್ಲೋ ಓಕರ್ (ಮಣ್ಣಿನ ಹಳದಿ), ಚೂರು ಕೆಂಪು ಬೆರೆಸಿದರೆ ಮಾವುತರ ಮೈಬಣ್ಣ. ಇಬ್ಬರೂ ಒಂದೇ ಬಿಸಿಲಲ್ಲಿ ನಿಂತ ಹಾಗೆ ಕಾಣುತ್ತಾರೆ.

ಸುಕ್ಕು ಎಲ್ಲವನ್ನೂ ಬರೆಯಬೇಡಿ, ಬೆಳಕು ನೆರಳಿಗೆ ತಿರುಗುವ ಕಡೆ ಮಾತ್ರ ಸಾಕು. ಕಣ್ಣು ಕೊನೆಗೆ. ನಾನು ಮೊದಲ ಸಲ ಪ್ರೀತಿ ಹೆಚ್ಚಾಗಿ ಕಣ್ಣು ದೊಡ್ಡದು ಮಾಡಿ ಕಾರ್ಟೂನ್ ಮಾಡಿಟ್ಟಿದ್ದೆ!